ಗೋಡೆಗಾದರೆ ಕರೆಸಿ, ಹೆಂಚಿಗೆ ಬೇಡ: ಹಳೇ ಚರ್ಚಿನ ಗಾರೆ ಕೆಲಸ ಹೇಗಾಯ್ತು?

ದಾವಣಗೆರೆಯ ಹಳೇ ಊರಿನ ಕಡೆ ಕಲ್ಲು, ಸುಣ್ಣದಲ್ಲಿ ಕಟ್ಟಿ ಮಂಗಳೂರು ಹೆಂಚು ಹೊದಿಸಿದ ಚರ್ಚೊಂದರ ದುರಸ್ತಿ ಮುಗಿದಿದೆ. ಕೆಲಸ ಹಿಡಿದದ್ದು ಸುಣ್ಣದ ಗಾರೆಯನ್ನೇ ಕಸುಬು ಮಾಡಿಕೊಂಡ ಏಳು ಮಂದಿಯ ತಂಡ. ಅವರ ಹೆಸರು ಇಲ್ಲಿ ಬೇಡ, ಕೆಲಸದ ಮಾತಷ್ಟೇ ಸಾಕು. ಇಂಥದ್ದೇ ಕಟ್ಟಡ ಇಟ್ಟುಕೊಂಡು ಯಾರನ್ನು ಕರೆಸುವುದೆಂದು ಯೋಚಿಸುತ್ತಿರುವ ಚರ್ಚ್ ಸಭೆಗಳ ಕಮಿಟಿಯವರಿಗೆ ಮೊದಲೇ ಹೇಳಿಬಿಡಬೇಕಾದದ್ದು: ಸುಣ್ಣ ಕಲಸುವುದರಲ್ಲಿ ಈ ತಂಡವನ್ನು ಮೀರಿಸುವವರಿಲ್ಲ. ಆದರೆ ಯಾವುದನ್ನು ಕೆರೆಯಬಾರದು ಅನ್ನುವುದು ಅವರಿಗೆ ತಿಳಿಯದು.

ಈ ಕಟ್ಟಡದ ಗೋಡೆಗಳೇ ಸಭೆಯ ಹಳೇ ಲೆಕ್ಕದ ಪುಸ್ತಕ ಇದ್ದಹಾಗೆ. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಪಂಗಡದ ಮಿಷನರಿಗಳು ಕಟ್ಟಿಸಿದ ದೇವಾಲಯಗಳಲ್ಲಿ ಪ್ರಸಂಗಕ್ಕೇ, ಅಂದರೆ ಬೋಧನೆಗೇ, ಮೊದಲ ಮಣೆ. ಇಲ್ಲೂ ಬೋಧಕರು ನಿಂತು ಮಾತಾಡುವ ಪುಲ್ಪಿಟ್ ನಟ್ಟನಡುವೆ ಇತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದ ಮೇಲೆ ಆರಾಧನೆಯ ಕ್ರಮ ಬದಲಾಯಿತು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜು ನಡುವಿಗೆ ಬಂತು, ಪುಲ್ಪಿಟ್ ಎಡಕ್ಕೆ ಸರಿಯಿತು. ಮೂಡಣ ಗೋಡೆಯಲ್ಲಿ ನೆಲದಿಂದ ನಾಲ್ಕಡಿ ಎತ್ತರಕ್ಕೆ ಏಣಿಯಾಕಾರದ ತೇಪೆ ಕಾಣುತ್ತದಲ್ಲ, ಅದು ಹಳೇ ಪುಲ್ಪಿಟ್ಟಿನ ಮೆಟ್ಟಿಲಿನ ಗುರುತು. ದಕ್ಷಿಣದ ಗೋಡೆಯ ಎರಡು ಕಮಾನು ಒಡೆದು ಸೇರಿಸಿದ ಪಡಸಾಲೆ ಇಟ್ಟಿಗೆಯದು. ಗಿರಣಿಗೂ ರೈಲ್ವೆಗೂ ಕೆಲಸಕ್ಕೆ ಬಂದ ತಮಿಳು ಕುಟುಂಬಗಳು ಬೇರೆ ಹೊತ್ತಿನಲ್ಲಿ ಆರಾಧನೆ ಶುರು ಮಾಡಿದಾಗ ಜಾಗ ಸಾಲದೆ ಎಬ್ಬಿಸಿದ್ದು. ಇವತ್ತಿಗೂ ಕನ್ನಡ ಸಭೆ ಬೆಳಿಗ್ಗೆ, ತಮಿಳು ಸಭೆ ಸಂಜೆ. ಕಲ್ಲಿನ ಗೋಡೆಗೂ ಇಟ್ಟಿಗೆ ಗೋಡೆಗೂ ನಡುವಿನ ಸಂದು ಪ್ರತಿ ಬೇಸಿಗೆ ಕೂದಲೆಳೆಯಷ್ಟು ಬಿಡುತ್ತದೆ. ಅದಕ್ಕೆ ಗಾಬರಿ ಬೀಳಬೇಕಿಲ್ಲ, ಸಿಮೆಂಟ್ ತುರುಕಲೂಬಾರದು.

ಆದರೆ ಸಿಮೆಂಟ್ ತುರುಕಿಯೇ ಇದ್ದರು. ಹಿಂದೆ ಯಾವಾಗಲೋ ಒಳಗೋಡೆಗೆ ಐದಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಆಯಿಲ್ ಪೇಂಟ್. ಇಂಥ ಹಳೇ ಕಾಲದ ಗೋಡೆಗಳಿಗೆ ಬುಡದಲ್ಲಿ ನೀರು ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಮೇಲೇರುತ್ತದೆ, ಸುಣ್ಣದ ಗಾರೆಯಾದರೆ ಅದನ್ನು ಗಾಳಿಗೆ ಬಿಟ್ಟುಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ತೇವ ಸಿಮೆಂಟಿನ ಅಂಚು ದಾಟಿ ಆರನೇ ಅಡಿಯಲ್ಲಿ ಹೊರಬೀಳುತ್ತದೆ, ಜೊತೆಗೆ ಉಪ್ಪೂ ಬರುತ್ತದೆ. ಪುಡಿಯುದುರುವ ಬಿಳಿ ಪಟ್ಟೆ ಅದೇ. ಪೇಂಟ್ ಅಂಗಡಿಯವರು ಮಾರುವ ಯಾವ ವಾಟರ್‌ಪ್ರೂಫ್ ಡಬ್ಬಿಯೂ ಇದಕ್ಕೆ ಮದ್ದಲ್ಲ, ಕಾಯಿಲೆಯನ್ನು ಇನ್ನೊಂದಡಿ ಮೇಲಕ್ಕೆ ತಳ್ಳುತ್ತದೆ ಅಷ್ಟೆ.

ತಂಡ ಇಲ್ಲಿ ಮಾಡಿದ್ದು ಸರಿಯಾದ ಕೆಲಸ. ಸಿಮೆಂಟನ್ನು ಬ್ರೇಕರ್ ಮಷಿನ್ ಹಾಕದೆ ಉಳಿ, ಸುತ್ತಿಗೆಯಲ್ಲೇ ಬಿಡಿಸಿದರು. ಮಷಿನ್ನಿನ ನಡುಕಕ್ಕೆ ಕಲ್ಲಿನ ಸಂದಿಯ ಹಳೇ ಸುಣ್ಣ ಸಡಿಲಾಗುತ್ತದೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ತೆಗೆದು, ಸಂದುಗಳನ್ನು ಮುಕ್ಕಾಲು ಇಂಚು ಆಳ ಕೆದಕಿ, ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿದರು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುತ್ತದೆ. ಆಮೇಲೆ ಐದು ವಾರ ಗೋಡೆ ಬೆತ್ತಲೆ ಬಿಟ್ಟಿದ್ದರು. ಭಾನುವಾರಕ್ಕೆ ಚೆಂದ ಕಾಣಲ್ಲ ಅಂತ ಈ ಹೊತ್ತಿನಲ್ಲಿ ಅವಸರ ಮಾಡುವ ಕಮಿಟಿಗಳೇ ಜಾಸ್ತಿ. ಅವಸರ ಮಾಡಿದರೆ ಉಪ್ಪು ಹೊಸ ಗಾರೆಗೂ ಬರುತ್ತದೆ.

ಸುಣ್ಣವನ್ನು ಇಪ್ಪತ್ತು ದಿನ ಮೊದಲೇ ನೀರಲ್ಲಿ ಅರಳಿಸಿ, ಜರಡಿ ಹಿಡಿದು, ಮೇಲೆ ಎರಡಿಂಚು ನೀರು ನಿಲ್ಲುವಂತೆ ಡ್ರಮ್ಮಿನಲ್ಲಿ ಇಟ್ಟಿದ್ದರು. ಅರೆಬರೆ ಅರಳಿದ ಕಾಳು ಉಳಿದರೆ ತಿಂಗಳ ನಂತರ ಗೋಡೆಯಲ್ಲಿ ಪಾಪಡಿಯಂತೆ ಉಬ್ಬಿ ಒಡೆಯುತ್ತದೆ. ಮೊದಲ ಪದರಕ್ಕೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಇಟ್ಟಿಗೆ ಪುಡಿ ಸ್ವಲ್ಪ. ಅರ್ಧ ಇಂಚಿಗಿಂತ ದಪ್ಪ ಇಲ್ಲ. ಹತ್ತು ದಿನ ಬಿಟ್ಟು ಎರಡನೆಯದು. ಕೊನೆಯ ಪದರ ಒಂದಕ್ಕೆ ಎರಡು, ನಾಣ್ಯದ ಬಿಲ್ಲೆಯಷ್ಟು ದಪ್ಪ. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ತಂದಿದ್ದರು, ಜರಡಿ ಹಿಡಿದು ದೂಳು ತೆಗೆದದ್ದರಿಂದ ಪರವಾಗಿಲ್ಲ. ಅಳಲೆಕಾಯಿ ನೀರು, ಬೆಲ್ಲದ ನೀರು ಎರಡೂ ಹಾಕಿದರು. ಬೆಲ್ಲ ಮಾತ್ರ ಒಂದು ಕೈ ಹೆಚ್ಚಾಯಿತು: ಬಡಗಣ ಗೋಡೆಯ ಗಾರೆ ಗಟ್ಟಿಯಾಗಲು ಬೇರೆ ಗೋಡೆಗಳ ಎರಡರಷ್ಟು ದಿನ ಹಿಡಿಯಿತು, ಇರುವೆ ಬೇರೆ. ಮೊಟ್ಟೆಯ ಬಿಳಿ ಸೇರಿಸೋಣ ಅಂದರೆ ಬೇಡ ಅನ್ನಿ. ಕಿಸೆಗೆ ಭಾರ, ಈ ಗೋಡೆಗೆ ಅಗತ್ಯವೂ ಇಲ್ಲ.

ನಮ್ಮ ಕಡೆಯ ಒಣಹವೆಗೆ ಸುಣ್ಣದ ದೊಡ್ಡ ಶತ್ರು ಬಿಸಿಲು. ಸುಣ್ಣ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ, ತೇವ ಇರುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಮಾರ್ಚಿನಲ್ಲಿ ಗಾರೆ ಹಚ್ಚಿದರೆ ಮಧ್ಯಾಹ್ನದೊಳಗೆ ಬಲೆಯಂತೆ ಬಿರುಕು. ಇವರು ಅಕ್ಟೋಬರ್‌ನಲ್ಲಿ ಹಿಡಿದು, ಒದ್ದೆ ಗೋಣಿಚೀಲ ನೇತುಹಾಕಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದರು. ಬಿರುಕು ಹುಡುಕಿದರೂ ಸಿಗುವುದಿಲ್ಲ. ಮೇಲೆ ಹಾಲಿನಷ್ಟು ತೆಳುವಾದ ಸುಣ್ಣ ಐದು ಸಲ, ಸಲಕ್ಕೊಂದು ದಿನ ಬಿಟ್ಟು.

ಇಷ್ಟೆಲ್ಲ ಆದ ಮೇಲೆ ಬೈಗುಳ. ಪುಲ್ಪಿಟ್ಟಿನ ಮೆಟ್ಟಿಲ ತೇಪೆ ಉಳಿದದ್ದು ಅಯ್ಯನವರು, ಅಂದರೆ ಚರ್ಚಿನ ಪಾದ್ರಿ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದಿದ್ದರಿಂದ. ಗೆರೆ ಎಳೆಯದ ಕಡೆ ಉಳಿಯಲಿಲ್ಲ. ಬಾಗಿಲ ಪಕ್ಕ ಗಾರೆಯಲ್ಲೇ ಕೊರೆದಿದ್ದ ಹಳೇ ಬೆಂಚುಗಳ ಸಂಖ್ಯೆ ಹೋಯಿತು. ಅಸ್ತಿವಾರದ ಕಲ್ಲಿನ ಅಕ್ಷರಗಳಿಗೆ ಕಪ್ಪು ಎನಾಮಲ್ ತುಂಬಿ, ಸವೆದಿದ್ದ 'ಚಿತ್ರದುರ್ಗ ಜಿಲ್ಲೆ'ಯನ್ನು 'ದಾವಣಗೆರೆ ಜಿಲ್ಲೆ' ಎಂದು ತಿದ್ದಿ ಬರೆದರು! ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಎನಾಮಲ್ ತೆಗೆಯಲು ಪೇಂಟ್ ರಿಮೂವರ್ ಹಚ್ಚಿ ಮರದ ಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಬೇಕು, ತಂತಿ ಬ್ರಷ್ ಮುಟ್ಟಿಸಬೇಡಿ.

ಹೆಂಚಿನ ಕೆಲಸ ಇವರದ್ದಲ್ಲ, ಆದರೂ ಒಪ್ಪಿಕೊಂಡರು. ಒಂದು ಚದರಕ್ಕೆ (ನೂರು ಚದರಡಿಗೆ) ಸುಮಾರು 150 ಹೆಂಚು ಬೇಕು ಅನ್ನುವ ಲೆಕ್ಕ ಸರಿಯಿತ್ತು. ತಪ್ಪಾದದ್ದು ಬೆರೆಸಿದ್ದರಲ್ಲಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಂದಿನಿಂದ ಎಷ್ಟೋ ಕಾರ್ಖಾನೆಗಳು ಹೆಂಚು ಸುಟ್ಟಿವೆ. ಒಂದರ ತೋಡು ಇನ್ನೊಂದಕ್ಕೆ ಕೂರುವುದಿಲ್ಲ, ಎರಡು ನೂಲು, ಅಂದರೆ ಕಾಲು ಇಂಚು, ವ್ಯತ್ಯಾಸ ಸಾಕು ಸೋರಲು. ಹಳೇ ಹೆಂಚನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನೆಲ್ಲ ಇನ್ನೊಂದಕ್ಕೆ ಹಾಕಬೇಕಿತ್ತು. ಇವರು ಒಡೆದ ಕಡೆಯಲ್ಲೆಲ್ಲ ಹೊಸದನ್ನು ಸಿಕ್ಕಿಸಿದರು. ಹಿಂಬದಿಯಲ್ಲಿ ಮುದ್ರೆಯಿದ್ದ ಹಳೇ ಹೆಂಚುಗಳನ್ನು ಬೇರೆ ಎತ್ತಿಡಲೂ ಇಲ್ಲ. ನೆತ್ತಿ ಸಾಲನ್ನು ಸಿಮೆಂಟಿನಲ್ಲಿ ಕೂರಿಸಿದ್ದು ಇನ್ನೊಂದು ತಪ್ಪು: ಮರ ಬಿಸಿಲಿಗೆ ಆಡುತ್ತದೆ, ಸಿಮೆಂಟ್ ಸೀಳುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡುವ ಗೋಜಿಗೂ ಹೋಗಿಲ್ಲ. ಗೆದ್ದಲು ಹತ್ತುವುದು ಅಲ್ಲಿಂದಲೇ.

ಕೂಲಿಯ ವಿಷಯ. ಗಾರೆಗೆ ಚದರಡಿ ಲೆಕ್ಕ ಒಪ್ಪಿಕೊಳ್ಳಿ, ಕೆರೆಯುವುದಕ್ಕೆ ಮಾತ್ರ ದಿನಗೂಲಿ ಕೊಡಿ. ಅಡಿ ಲೆಕ್ಕದಲ್ಲಿ ಕೆರೆಸಿದರೆ ಕೈ ಓಡುತ್ತದೆ, ಬೇಕಾದ್ದೂ ಬೇಡದ್ದೂ ಒಟ್ಟಿಗೆ ಉದುರುತ್ತದೆ. ಉಳಿ ಹಿಡಿಯುವ ಮುನ್ನ ಗೋಡೆಗೋಡೆಯ ಫೋಟೊ ತೆಗೆದು, ಎರಡೂ ಸಭೆಯ ಹಿರಿಯರನ್ನು ಕೂರಿಸಿ ಗುರುತು ಹಾಕಿಸಿ. ಕನ್ನಡ ಸಭೆಯವರಿಗೆ ಗೊತ್ತಿಲ್ಲದ್ದು ತಮಿಳು ಸಭೆಯ ಅಜ್ಜಿಗೆ ಗೊತ್ತಿರುತ್ತದೆ. ವೈರಿಂಗ್ ಕೆಲಸ ಗಾರೆಗೆ ಮೊದಲೇ ಮುಗಿಯಲಿ, ಹಸಿ ಸುಣ್ಣದಲ್ಲಿ ವೈರು ಕೂರಿಸುವ ಗಾಡಿ (ತೋಡು) ಕೊರೆದರೆ ಅಂಚು ನಿಲ್ಲುವುದಿಲ್ಲ. ಮತ್ತೆ, ಕೆಲಸ ಮುಗಿದ ದಿನ ಉಳಿದ ಸುಣ್ಣವನ್ನು ಲಾರಿಗೆ ಹಾಕಲು ಬಿಡಬೇಡಿ. ನೀರು ಆರದಂತೆ ನೋಡಿಕೊಂಡರೆ ಆ ಡ್ರಮ್ಮು ವರ್ಷಗಟ್ಟಲೆ ಕೆಡುವುದಿಲ್ಲ, ಮುಂದಿನ ಮಳೆಗಾಲದ ತೇಪೆಗೆ ಅದೇ ಆಗುತ್ತದೆ.