ಟ್ರಾವೆಲರ್ ಗಾಡಿ ಮೇಲೆ ಸೋಲಾರ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಹಳೇ ಫೋರ್ಸ್ ಟ್ರಾವೆಲರ್. ಸೀಟೆಲ್ಲ ಕಿತ್ತು ಮಂಚ, ಅಡುಗೆ ಕಟ್ಟೆ, ಸಣ್ಣ ಫ್ರಿಡ್ಜ್ ಕೂರಿಸಿ ಮೂರು ವರ್ಷ ಆಯಿತು. ಮೇಲೆ 200 ವ್ಯಾಟಿನ ಎರಡು ಪ್ಯಾನೆಲ್, ಒಳಗೆ 12 ವೋಲ್ಟಿನ 200 ಎಎಚ್ ಲಿಥಿಯಂ ಬ್ಯಾಟರಿ. ಪೂರ್ತಿ ತುಂಬಿದರೆ ಸುಮಾರು ಎರಡೂವರೆ ಯೂನಿಟ್ ಕರೆಂಟು. ಸೋಲಾರ್ ಹಾಕಿಸಬಹುದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಗಾಡಿ ಎಲ್ಲಿ ನಿಲ್ಲಿಸ್ತೀರಿ, ಎಷ್ಟು ದಿನ?

ಯಾಕೆ ಅಂದರೆ, ಫೆಬ್ರವರಿಯಲ್ಲಿ ಆನೆಗೊಂದಿ ಹತ್ತಿರ ಐದು ದಿನ ಒಂದೇ ಕಡೆ ನಿಂತಿದ್ದೆವು. ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಯೂನಿಟ್ ಬರುತ್ತಿತ್ತು. ನಮ್ಮ ಖರ್ಚು ಒಂದು ಯೂನಿಟ್ ಚಿಲ್ಲರೆ, ಅದರಲ್ಲಿ ಅರ್ಧ ಫ್ರಿಡ್ಜಿಗೇ ಹೋಗುತ್ತದೆ, ಉಳಿದದ್ದು ಫ್ಯಾನು, ಲೈಟು, ಫೋನು, ನನ್ನ ಲ್ಯಾಪ್‌ಟಾಪು. ರಾಜರ ಹಾಗೆ ಇದ್ದೆವು. ಅದೇ ವರ್ಷ ಜುಲೈನಲ್ಲಿ ಸಕಲೇಶಪುರಕ್ಕೆ ಹೋದೆವು. ಮಳೆ, ಮಂಜು, ಮೇಲಿಂದ ಸಿಲ್ವರ್ ಓಕ್ ನೆರಳು ಬೇರೆ. ಇಡೀ ದಿನಕ್ಕೆ ಕಾಲು ಯೂನಿಟ್ ಬಂದರೆ ಹೆಚ್ಚು. ಮೂರನೇ ರಾತ್ರಿ ಫ್ರಿಡ್ಜ್ ನಿಂತು ಹಾಲು ಒಡೆಯಿತು, ಬೆಳಿಗ್ಗೆ ಕಾಫಿಯೂ ಇಲ್ಲ. ಅದೂ ಕಾಫಿ ತೋಟದ ಪಕ್ಕದಲ್ಲೇ!

ಬಿಸಿಲಿರುವ ಊರಲ್ಲೂ ಒಂದು ತಾಪತ್ರಯ ಇದೆ. ನಮಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು. ಮರದ ಕೆಳಗೆ ನಿಲ್ಲಿಸಿದರೆ ಕರೆಂಟಿಲ್ಲ, ಬಯಲಲ್ಲಿ ನಿಲ್ಲಿಸಿದರೆ ಗಾಡಿಯೊಳಗೆ ಇಡ್ಲಿ ಬೇಯಿಸಬಹುದು. ಪ್ಯಾನೆಲ್‌ನ ಒಂದು ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಸಾಕು, ಆ ಮೂಲೆಯಷ್ಟೇ ಕಮ್ಮಿ ಆಗುವುದಿಲ್ಲ, ಬರುವ ಕರೆಂಟೇ ದಡಕ್ಕನೆ ಇಳಿಯುತ್ತದೆ. ಸಂಡೂರು ಕಡೆ ಸುತ್ತಿ ಬಂದಾಗ ಕೆಂಪು ಧೂಳು ಎಷ್ಟು ಕೂತಿತ್ತು ಅಂದರೆ ಏಣಿ ಹತ್ತಿ ಒರೆಸುವ ತನಕ ಏನೋ ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ.

ನಿಜವಾಗಿ ಕೆಟ್ಟದ್ದು ಬೇರೆ. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರ್ ಅಂತ ಒಂದು ಡಬ್ಬಿ ಇರುತ್ತದೆ. ಫಿಟ್ಟಿಂಗ್ ಮಾಡಿದವರು ಪ್ಯಾನೆಲ್‌ನಿಂದ ಆದಷ್ಟೂ ಹಿಂಡುವ ಎಂಪಿಪಿಟಿ ಜಾತಿಯದು ಅಂತ ದುಡ್ಡು ತಗೊಂಡು, ಸಾದಾ ಪಿಡಬ್ಲ್ಯೂಎಂ ಜಾತಿಯದು ಕೂರಿಸಿದ್ದರು. ಅದು ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೇ ಎಳೆದುಬಿಡುತ್ತದೆ, ಮಿಕ್ಕಿದ್ದು ಸುಮ್ನೆ ಹಾಳು. ಎಂಟು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ಬದಲಾಯಿಸಿದ ದಿನವೇ ವ್ಯತ್ಯಾಸ ಮೀಟರಿನಲ್ಲಿ ಕಂಡಿತು. ಚಾವಣಿಗೆ ಕೊರೆದ ತೂತಿನಿಂದ ಸೋರಿದ್ದು ಇನ್ನೊಂದು ಕಥೆ, ಬಿಡಿ.

ನಮ್ಮನ್ನು ಉಳಿಸಿದ್ದು ಪ್ಯಾನೆಲ್ ಅಲ್ಲ, ಆಮೇಲೆ ಹಾಕಿಸಿದ 30 ಆಂಪಿನ ಡಿಸಿ-ಡಿಸಿ ಚಾರ್ಜರ್. ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದ, ಅಂದರೆ ಎಂಜಿನ್ ತಿರುಗಿಸುವ ಡೈನಮೋದಿಂದ, ನಮ್ಮ ಲಿಥಿಯಂ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಮೂರು ಗಂಟೆ ಓಡಿಸಿದರೆ ಒಂದು ಯೂನಿಟ್ ದಾಟುತ್ತದೆ, ಅಂದರೆ ನಮಗೆ ಒಂದು ದಿನದ ಖರ್ಚು. ದಿನಾ ಊರು ಬದಲಾಯಿಸುವವರಾದರೆ ಮೊದಲು ಇದನ್ನೇ ಹಾಕಿಸಿ, ಪ್ಯಾನೆಲ್ ಬೇಕಾ ಅಂತ ಆಮೇಲೆ ನೋಡೋಣ. ಒಂದೇ ಕಡೆ ವಾರ ಕೂರುವವರಿಗೆ, ಅದರಲ್ಲೂ ಬಯಲುಸೀಮೆಯಲ್ಲಿ, ಸೋಲಾರ್ ಬಂಗಾರ.

ಎಸಿ ಓಡುತ್ತಾ ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ಒಂದು ಟನ್ನಿನ ಎಸಿ ಸುಮಾರು 1000 ವ್ಯಾಟ್ ಎಳೆಯುತ್ತದೆ, ನನ್ನ ಪ್ಯಾನೆಲ್ ನೆತ್ತಿ ಸುಡುವ ಬಿಸಿಲಲ್ಲೂ 300 ಕೊಟ್ಟರೆ ಪುಣ್ಯ. ಇಂಡಕ್ಷನ್ ಒಲೆಯೂ ಅಷ್ಟೇ. ಫುಲ್ ಇಟ್ಟರೆ 12 ವೋಲ್ಟಿನ ಬ್ಯಾಟರಿಯಿಂದ 150 ಆಂಪಿಗೂ ಜಾಸ್ತಿ ಹೋಗುತ್ತದೆ, ಕೇಬಲ್ ಹೆಬ್ಬೆರಳು ದಪ್ಪ ಬೇಕು. ನಾವು ಗ್ಯಾಸಿನಲ್ಲೇ ಅಡುಗೆ ಮಾಡುತ್ತೇವೆ.

ಮುಂದಿನ ತಿಂಗಳು ಆಗುಂಬೆ ಕಡೆ ಹೊರಟಿದ್ದೇವೆ, ಅದೂ ಮಳೆಯಲ್ಲೇ. ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸುತ್ತೇವೆ ಅಂತ ಫೋನು ಮಾಡಿ ಹೇಳಿದ್ದೇನೆ, ಇಪ್ಪತ್ತು ಮೀಟರ್ ವೈರು ಈಗಲೇ ಗಾಡಿಯಲ್ಲಿದೆ.