ಸಿಲಿಕೋನ್ ಫ್ರೀಜರ್ ಬ್ಯಾಗ್: ಮೂರು ವರ್ಷ ಬಳಸಿದ ಮೇಲೆ

ಮೂರು ವರ್ಷದ ಹಿಂದೆ ಎಂಟು ಸಿಲಿಕೋನ್ ಬ್ಯಾಗುಗಳ ಒಂದು ಸೆಟ್ ತೆಗೆದುಕೊಂಡೆ. ಫ್ರೀಜರಿಗೆ ಅಂತ ತರುತ್ತಿದ್ದ ಪ್ಲಾಸ್ಟಿಕ್ ಜಿಪ್ ಕವರುಗಳು ನಾಲ್ಕು ಸಲ ತೊಳೆಯುವಷ್ಟರಲ್ಲಿ ಹರಿದು ಕಸದ ಬುಟ್ಟಿ ಸೇರುತ್ತಿದ್ದವು. ಊಟ ಉಳಿಸಲು ಹೋಗಿ ಪ್ಲಾಸ್ಟಿಕ್ ಗುಡ್ಡೆ ಹಾಕುತ್ತಿದ್ದೇನಲ್ಲ ಅಂತ ಬೇಜಾರಾಗಿತ್ತು. ಎಂಟರಲ್ಲಿ ಆರು ಇವತ್ತಿಗೂ ಇವೆ. ಹೋದ ಎರಡರ ಕಥೆ ಆಮೇಲೆ ಹೇಳುತ್ತೇನೆ.

ಬ್ಯಾಗು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಮೆತ್ತಗೇ ಇರುತ್ತದೆ, ಅಗ್ಗದ ಡಬ್ಬಿ ಮುಚ್ಚಳದ ಹಾಗೆ ಸೆಟೆದು ಬಿರುಕು ಬಿಡುವುದಿಲ್ಲ. ಒಳಗಿನದು ಕಲ್ಲಾಗಿದ್ದರೂ ಹೊರಗಿನಿಂದ ಹಿಚುಕಿದರೆ ಬಿಟ್ಟುಕೊಳ್ಳುತ್ತದೆ.

ಆದರೆ ಮೊದಲ ಆರು ತಿಂಗಳು ನಾನು ಇದನ್ನು ಬಳಸಿದ್ದೇ ತಪ್ಪಾಗಿ. ಬೇಯಿಸಿದ ಕಾಳನ್ನೋ ಸೂಪನ್ನೋ ಬ್ಯಾಗಿನ ತುಂಬಾ ಸುರಿದು ಉಬ್ಬಿಸಿ ಇಡುತ್ತಿದ್ದೆ. ಅದು ಹೆಪ್ಪುಗಟ್ಟಲು ಒಂದು ದಿನ, ಕರಗಲು ಇನ್ನೊಂದು ದಿನ, ಕರಗಿದ ಮೇಲೆ ಎಲ್ಲವನ್ನೂ ಒಟ್ಟಿಗೇ ತಿನ್ನಬೇಕು, ಇಲ್ಲ ಎಸೆಯಬೇಕು. ಈಗ ಅರ್ಧಕ್ಕಿಂತ ಕಡಿಮೆ ತುಂಬಿ, ಗಾಳಿ ಒತ್ತಿ ತೆಗೆದು, ತಟ್ಟೆಯ ಮೇಲೆ ಬೆರಳು ದಪ್ಪಕ್ಕೆ ಚಪ್ಪಟೆಯಾಗಿ ಮಲಗಿಸುತ್ತೇನೆ. ಅರ್ಧ ಗಟ್ಟಿಯಾದಾಗ ಚಮಚದ ಹಿಡಿಯಿಂದ ಹೊರಗಿನಿಂದಲೇ ಗೆರೆ ಒತ್ತಿಟ್ಟರೆ ಆಮೇಲೆ ಚಾಕಲೇಟ್ ಮುರಿದ ಹಾಗೆ ಬೇಕಾದಷ್ಟೇ ಮುರಿದುಕೊಳ್ಳಬಹುದು. ಪೂರ್ತಿ ಗಟ್ಟಿಯಾದ ಮೇಲೆ ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸುವುದು. ಜಾಗವೂ ಉಳಿಯುತ್ತದೆ, ರುಚಿಯೂ ಉಳಿಯುತ್ತದೆ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಒಳಗಿನ ನೀರು ದೊಡ್ಡ ದೊಡ್ಡ ಐಸ್ ಹರಳಾಗಿ ತರಕಾರಿಯ ಕೋಶಗಳನ್ನೇ ಹರಿದು ಹಾಕುತ್ತದೆ, ಕರಗಿದಾಗ ನೀರು ಸೋರಿ ಎಲ್ಲ ಪಿಚ್ಚಪಿಚ್ಚ. ತೆಳ್ಳಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಹರಳೂ ಚಿಕ್ಕದಾಗೇ ಇರುತ್ತದೆ.

ಹಸಿ ಬೀನ್ಸ್ ಹಾಕುವವರು ಮೊದಲು ಮೂರು ನಿಮಿಷ ಕುದಿಯುವ ನೀರಿಗೆ ಹಾಕಿ, ತಕ್ಷಣ ಐಸ್ ನೀರಿಗೆ ಹಾಕಿ, ಒರೆಸಿ ಇಡಿ. ಸುಮ್ನೆ ಕೆಲಸ ಅಂತ ನಾನು ಬಿಟ್ಟಿದ್ದೆ. ಎರಡು ತಿಂಗಳಿಗೆ ಬೀನ್ಸು ಹುಲ್ಲಿನ ರುಚಿಗೆ ಬಂತು. ತರಕಾರಿಯೊಳಗೇ ಇದ್ದು ಅದರ ರುಚಿ ಕೆಡಿಸುವ ಕಿಣ್ವಗಳ (ಎಂಜೈಮ್) ಕೆಲಸ ಚಳಿಯಲ್ಲಿ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಅವನ್ನು ಸುಮ್ಮನಾಗಿಸಲು ಬಿಸಿಯೇ ಬೇಕು. ಬ್ಯಾಕ್ಟೀರಿಯಾ ಕಥೆಯೂ ಹೆಚ್ಚುಕಡಿಮೆ ಹೀಗೇ, ಫ್ರೀಜರಿನಲ್ಲಿ ಅವು ಮಲಗಿರುತ್ತವೆ ಅಷ್ಟೆ, ಎಲ್ಲವೂ ಸಾಯುವುದಿಲ್ಲ. ಅದಕ್ಕೇ ಕರಗಿಸುವುದು ಕಟ್ಟೆಯ ಮೇಲಲ್ಲ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ.

ಇನ್ನು ದೂರುಗಳು. ಒಂದನೆಯದು, ಟೇಪ್ ಅಂಟುವುದಿಲ್ಲ. ಸಿಲಿಕೋನಿಗೆ ಏನೂ ಅಂಟುವುದಿಲ್ಲ! ಹೆಸರು, ತಾರೀಖು ಬರೆದು ಅಂಟಿಸಿದ ಚೀಟಿ ಎರಡೇ ದಿನಕ್ಕೆ ಫ್ರೀಜರಿನ ತಳದಲ್ಲಿ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಹಿಮ ಹಿಡಿದ ಟೊಮೆಟೊ ಗೊಜ್ಜು ಯಾವುದು, ಕುಂಬಳಕಾಯಿ ಸೂಪು ಯಾವುದು ಗೊತ್ತಾಗಲ್ಲ. ಗೊತ್ತಾಗದ್ದನ್ನು ಯಾರೂ ತೆಗೆಯುವುದಿಲ್ಲ, ಕೊನೆಗೆ ಒಂದು ದಿನ ಎಲ್ಲ ಕಸಕ್ಕೆ. ನಿಜ ಹೇಳಬೇಕೆಂದರೆ ಮೊದಲ ವರ್ಷ ನನ್ನ ಫ್ರೀಜರು ಎಸೆಯುವುದನ್ನು ನಾಲ್ಕು ತಿಂಗಳು ಮುಂದೂಡುವ ಯಂತ್ರವಾಗಿತ್ತು. 2022ರಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ 60 ಶೇಕಡಾ ಮನೆಗಳಿಂದಲೇ ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿ ಹೇಳಿದಾಗ ಅದರಲ್ಲಿ ನನ್ನ ಪಾಲೂ ಇದೆ ಅನ್ನಿಸಿತ್ತು. ಈಗ ಫ್ರೀಜರ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿದ್ದೇನೆ. ಹಾಕಿದಾಗ ಬರೆಯುವುದು, ತೆಗೆದಾಗ ಹೊಡೆದು ಹಾಕುವುದು. ಬ್ಯಾಗಿಗೆ ರಬ್ಬರ್ ಬ್ಯಾಂಡ್ ಹಾಕಿ ಅದರಡಿ ರಟ್ಟಿನ ಚೀಟಿ. ನೋಡಲು ಚೆನ್ನಾಗಿಲ್ಲ, ಆದರೆ ಬೀಳುವುದಿಲ್ಲ.

ಎರಡನೆಯದನ್ನು ಮಾರುವವರು ಹೇಳುವುದೇ ಇಲ್ಲ. ಸಿಲಿಕೋನಿನ ಮೂಲಕ ಗಾಳಿ, ನೀರಾವಿ ಸ್ವಲ್ಪ ಸ್ವಲ್ಪ ಹಾದು ಹೋಗುತ್ತದೆ, ಮಾಮೂಲಿ ಪ್ಲಾಸ್ಟಿಕ್ಕಿಗಿಂತ ಜಾಸ್ತಿ. ನಾಲ್ಕು ತಿಂಗಳು ಮರೆತಿದ್ದ ಕಾಳಿನ ಅಂಚೆಲ್ಲ ಬಿಳಿಚಿ ಒಣಗಿ, ತಿಂದರೆ ಹೊಟ್ಟು ಜಗಿದ ಹಾಗಿತ್ತು. ಆಹಾರದಲ್ಲಿದ್ದ ಐಸು ನೀರಾಗದೆ ನೇರ ಆವಿಯಾಗಿ ಹೋದರೆ ಹೀಗಾಗುತ್ತದೆ. ತಿಂದರೆ ಅಪಾಯವೇನಿಲ್ಲ, ತಿನ್ನುವ ಮನಸ್ಸಾಗಬೇಕಷ್ಟೆ. ಅದಕ್ಕೆ ಈ ಬ್ಯಾಗಿನಲ್ಲಿ ಎರಡು ತಿಂಗಳೊಳಗೆ ಮುಗಿಯುವುದನ್ನು ಮಾತ್ರ ಇಡುತ್ತೇನೆ.

ವಾಸನೆಯೂ ಹಿಡಿದುಕೊಳ್ಳುತ್ತದೆ. ಬೆಳ್ಳುಳ್ಳಿ ಇಟ್ಟ ಬ್ಯಾಗಿನಲ್ಲಿ ಬಾಳೆಹಣ್ಣು ಇಟ್ಟವರಿಗೆ ಗೊತ್ತು. ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಮುಕ್ಕಾಲು ಹೋಗುತ್ತದೆ. ನಾನಂತೂ ಎರಡು ಬ್ಯಾಗನ್ನು ಖಾರದ್ದಕ್ಕೇ ಅಂತ ಬಿಟ್ಟುಬಿಟ್ಟಿದ್ದೇನೆ. ತೊಳೆಯುವುದಕ್ಕಿಂತ ಒಣಗಿಸುವುದು ದೊಡ್ಡ ಕೆಲಸ, ಒಳಮೈ ಹೊರಗೆ ಮಾಡಿ ಲೋಟದ ಮೇಲೆ ಕವುಚಿ ಹಾಕಬೇಕು.

ಹೋದ ಎರಡರಲ್ಲಿ ಒಂದನ್ನು ಕೊಂದವನು ನಾನೇ, ಅಂಟಿಕೊಂಡ ತುಂಡನ್ನು ಚಾಕುವಿನಿಂದ ಎಬ್ಬಿಸಲು ಹೋಗಿ. ಇನ್ನೊಂದು ಬಾಯಿಯ ಮೂಲೆಯಲ್ಲಿ ಸೀಳಿತು. ಸಿಲಿಕೋನನ್ನು ಮಾಮೂಲಿ ಪ್ಲಾಸ್ಟಿಕ್ ಜೊತೆ ಮರುಬಳಕೆಗೆ ತೆಗೆದುಕೊಳ್ಳುವುದು ಅಪರೂಪ, ಹಾಗಾಗಿ ಅವೆರಡೂ ಕಸಕ್ಕೇ ಹೋದವು.

ಗಾಜಿನ ಬಾಟಲಿ ಯಾಕಾಗಬಾರದು ಅಂತ ಕೇಳುವವರಿಗೆ: ಆಗುತ್ತದೆ, ಆದರೆ ಭುಜ ಇಲ್ಲದ ನೇರ ಗೋಡೆಯ ಜಾರ್ ಬೇಕು, ಮೇಲೆ ಎರಡು ಬೆರಳಿನಷ್ಟು ಜಾಗ ಬಿಡಬೇಕು. ನೀರು ಐಸಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಕಂಠ ಸಣ್ಣಗಿದ್ದರೆ ಮೇಲೇರಲು ದಾರಿಯಿಲ್ಲದೆ ಗಾಜು ಒಡೆಯುತ್ತದೆ. ನನ್ನದೂ ಒಂದು ಒಡೆಯಿತು. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿ ಮನೆಯಲ್ಲಿದ್ದರೆ ಮೊದಲು ಅದನ್ನೇ ಬಳಸಿ, ಹೊಸದೇನೂ ಕೊಳ್ಳಬೇಡಿ.

ಮತ್ತೆ ಕೊಳ್ಳುವುದಾದರೆ ಎಂಟಲ್ಲ, ಚಿಕ್ಕದು ನಾಲ್ಕು ಸಾಕು. ದೊಡ್ಡದು ಸಿಕ್ಕರೆ ಕೈ ತಾನಾಗಿಯೇ ಜಾಸ್ತಿ ತುಂಬುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ಟೇಪ್ ಅಂಟಿದ್ದರೆ ನಾಲ್ಕು.