ಕೆಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್: ಮನೆಯಲ್ಲೇ ಪ್ರಯತ್ನವೋ, ಲ್ಯಾಬೋ?

ಆಯ್ಕೆಯನ್ನು ಮೊದಲು ಸದ್ದೇ ನಿರ್ಧರಿಸುತ್ತದೆ. ಟಿಕ್ ಟಿಕ್ ಬಡಿತ ಅಥವಾ ಕೆರೆಯುವ ಸದ್ದು ಬಂದರೆ ಹೆಡ್ (ಡೇಟಾ ಓದಿ ಬರೆಯುವ ಭಾಗ) ಹಾಳಾಗಿರುವ ಸಂಭವ ಹೆಚ್ಚು. ಆಗ ಫೈಲ್‌ಗಳನ್ನು ಉಳಿಸಿಕೊಳ್ಳಲು ಡೇಟಾ ರಿಕವರಿ ಲ್ಯಾಬ್ ಒಂದೇ ದಾರಿ. ಮತ್ತೆ ಮತ್ತೆ ಆನ್ ಮಾಡಿದರೆ ಪ್ಲ್ಯಾಟರ್ (ಡೇಟಾ ಇರುವ ತಟ್ಟೆ) ಗೀರುಬಿದ್ದು ಲ್ಯಾಬಿನವರೂ ಕೈಚೆಲ್ಲಬಹುದು. ಫ್ರೀಜರ್‌ನಲ್ಲಿಡುವ ಹಳೇ ಉಪಾಯ ಬೇಡವೇ ಬೇಡ.

ಸದ್ದಿಲ್ಲ, ಸರಿಯಾದ ಗಾತ್ರ ತೋರಿಸುತ್ತಿದೆ, ಆದರೆ ಓದುವುದು ನಿಧಾನ ಎಂದಾದರೆ ಮನೆಯಲ್ಲೇ ಪ್ರಯತ್ನಿಸಬಹುದು. ಮೊದಲು ಕೇಬಲ್, ಪೋರ್ಟ್ ಬದಲಿಸಿ ನೋಡಿ. ಇಲ್ಲಿ ಎರಡು ಬಗೆ. ರಿಕವರಿ ಸಾಫ್ಟ್‌ವೇರನ್ನು ನೇರವಾಗಿ ಡ್ರೈವ್ ಮೇಲೆ ಓಡಿಸುವುದು ಸುಲಭ, ಆದರೆ ಕೆಟ್ಟ ಸೆಕ್ಟರ್‌ಗಳಲ್ಲೇ (ಓದಲಾಗದ ತುಣುಕುಗಳಲ್ಲೇ) ಅದು ತಡಕಾಡುತ್ತಾ ಸೊರಗಿದ ಡ್ರೈವನ್ನು ಕೊಂದೇ ಬಿಡಬಹುದು. ಅದಕ್ಕಿಂತ, ಇಡೀ ಡ್ರೈವನ್ನು ನಕಲಿಸುವ ಡಿಡಿರೆಸ್ಕ್ಯೂ (ddrescue) ಎಂಬ ಸಾಫ್ಟ್‌ವೇರ್ ಒಳ್ಳೆಯದು: ಚೆನ್ನಾಗಿರುವ ಭಾಗವನ್ನು ಮೊದಲು ನಕಲಿಸಿ, ಕಷ್ಟದ್ದನ್ನು ಕೊನೆಗಿಡುತ್ತದೆ. ಎಲ್ಲಿಯವರೆಗೆ ನಕಲಾಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಕಲಿಗೆ ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡ್ರೈವ್ ಬೇಕು. ಆಮೇಲೆ ಹುಡುಕಾಟವೆಲ್ಲ ನಕಲಿನ ಮೇಲೆ: ಪಾರ್ಟಿಷನ್ (ಡ್ರೈವಿನ ವಿಭಾಗ) ಕಳೆದಿದ್ದರೆ ಟೆಸ್ಟ್‌ಡಿಸ್ಕ್, ಫೈಲ್ ಸಿಸ್ಟಮ್ಮೇ (ಫೈಲ್‌ಗಳು ಎಲ್ಲಿವೆ ಎಂಬ ಲೆಕ್ಕ) ಹೋಗಿದ್ದರೆ ಫೋಟೋರೆಕ್ ಎಂಬ ಸಾಫ್ಟ್‌ವೇರ್. ಎರಡನೆಯದರಲ್ಲಿ ಫೈಲ್ ಹೆಸರು, ಫೋಲ್ಡರ್ ಉಳಿಯುವುದಿಲ್ಲ. ವಿಂಡೋಸ್‌ನ ಚೆಕ್‌ಡಿಸ್ಕ್ (chkdsk) ಮಾತ್ರ ಮೂಲ ಡ್ರೈವಿನ ಮೇಲೆ ಓಡಿಸಬೇಡಿ. ಸರಿಪಡಿಸುವ ಹೆಸರಲ್ಲಿ ಅದು ಡ್ರೈವಿಗೇ ಬರೆಯುತ್ತದೆ.

ಡ್ರೈವ್ ತಿರುಗುವುದೇ ಇಲ್ಲವೇ? ಸರ್ಕ್ಯೂಟ್ ಬೋರ್ಡ್ ಬದಲಿಸುವ ಆಸೆ ಬರುತ್ತದೆ. ಇತ್ತೀಚಿನವುಗಳಲ್ಲಿ ROM ಚಿಪ್ಪಿನ (ಆ ಡ್ರೈವಿಗಷ್ಟೇ ಹೊಂದುವ ವಿವರ ಇರುವ ಚಿಪ್) ಮಾಹಿತಿಯೂ ಹಳೆ ಬೋರ್ಡಿನಿಂದ ವರ್ಗವಾಗಬೇಕು; ಬೆಸುಗೆ ಬಾರದಿದ್ದರೆ ಲ್ಯಾಬಿಗೇ ಕೊಡಿ.